ಅಸಲಿ ಮುತ್ತಿನ ಓಲೆ

ತಮ್ಮ ಮನೆಯಲ್ಲಿ ಹದಿಮೂರು ವರ್ಷ ಪಾತ್ರೆ ತೊಳೆದ ನಿಂಗಮ್ಮನ ಮಗಳ ಮದುವೆಗೆ ಯಜಮಾನಿ ವನಮಾಲಾ ಬಂದರು. ಓಲೆಯ ಡಬ್ಬಿ ತೆರೆದು ಬೀಗರೆಲ್ಲರಿಗೂ ಕೇಳುವಂತೆ ಹೇಳಿದರು: "ಅಸಲಿ ಮುತ್ತು. ನನ್ನ ಕಿವಿಯಲ್ಲಿರೋದೂ ಇದೂ ಒಂದೇ. ತಾಯಿ ಮಗಳು ಇಬ್ಬರೂ ಕಾಲಿಗೆ ಬೀಳಿ."

ಬಿದ್ದರು. ಎದ್ದ ನಿಂಗಮ್ಮ ಓಲೆ ಮುಟ್ಟಿದಳು. ಉಗುರು ತಾಗಿದಲ್ಲಿ ಬಣ್ಣ ಕಿತ್ತುಬಂದು ಪ್ಲಾಸ್ಟಿಕ್ ಕಂಡಿತು. ಬಿದ್ದದ್ದು ಇದಕ್ಕೆ! ಅವಳ ಮೈಯೆಲ್ಲ ಉರಿಯಿತು. ನಾಳೆ ಬೀಗರ ಮನೆಯಲ್ಲಿ ನಗೆಪಾಟಲಾಗುವವಳು ಮಗಳು, ವನಮಾಲಾ ಅಲ್ಲ.

"ಅಮ್ಮಾವ್ರೇ," ಎಂದಳು ಇನ್ನೂ ಗಟ್ಟಿಯಾಗಿ, "ಹೊಸ ಓಲೆಗಿಂತ ನಿಮ್ಮಂಥ ಮುತ್ತೈದೆ ತೊಟ್ಟ ಓಲೆಯೇ ಮದುಮಗಳಿಗೆ ಶ್ರೇಯಸ್ಸು. ಎರಡೂ ಒಂದೇ ಅಂದ್ರಲ್ಲ, ಬದಲಾಯಿಸಿ ಆಶೀರ್ವಾದ ಮಾಡಿ."

ಬೀಗಿತ್ತಿ ಕೈಮುಗಿದಳು. ವನಮಾಲಾ ಬಾಯಿ ತೆರೆಯುವ ಮೊದಲೇ ಹೆಂಗಸರು "ಎಂಥ ದೊಡ್ಡ ಮನಸ್ಸು!" ಎಂದು ಹೊಗಳಿಬಿಟ್ಟರು. ಹಾಗೆ ಹೊಗಳಿಸಿಕೊಂಡ ಮೇಲೆ ಇಲ್ಲ ಎನ್ನುವುದು ಕಷ್ಟ. ತಮ್ಮ ಓಲೆಯ ತಿರುಪು ಬಿಚ್ಚಿ ಕೊಟ್ಟರು. ಹೊಸ ಓಲೆಯನ್ನು ನಿಂಗಮ್ಮನೇ ಮುಂದೆ ನಿಂತು ಅವರಿಗೆ ತೊಡಿಸಿದಳು.

ಊಟದ ಪಂಕ್ತಿಯಲ್ಲಿ ವನಮಾಲಾ ಹಲ್ಲು ಕಡಿದರು. "ಇದು ಅಸಲಿ ಅಲ್ಲ ಅಂತ ನಿನಗೆ ಗೊತ್ತಿತ್ತು, ಅಲ್ವೇನೇ?"

"ಅಸಲಿ ಅಂದೋರು ನೀವು. ಅಲ್ಲ ಅನ್ನೋದಾದ್ರೆ ಈಗಲೇ ಎಲ್ಲರೆದುರು ಹೇಳಿ, ನಿಮ್ಮದು ವಾಪಸ್ ಕೊಡಿಸ್ತೀನಿ," ಎಂದು ನಿಂಗಮ್ಮ ವನಮಾಲಾರ ಎಲೆಗೆ ಪಾಯಸ ಬಡಿಸಿದಳು.