ತೆರೆಯಬೇಡ ಎಂದವನು

"ಗುರುಗಳೇ, ಹೆದರಿದವನನ್ನು ವೀರ ಎಂದು ಕಲ್ಲಿನಲ್ಲಿ ಕೆತ್ತಿಸಬಹುದೇ?" ಎಂದು ಶಿಷ್ಯ ಕೇಳಿದ.

ಅವನ ಕೈಯಲ್ಲಿ ಒಂದು ಓಲೆಯಿತ್ತು. ಎಷ್ಟೋ ವರ್ಷಗಳ ಹಿಂದಿನ ಯುದ್ಧದಲ್ಲಿ ಕೋಟೆಯ ಬಾಗಿಲು ಕಾದ ಭರಮಜ್ಜನಿಗೆ ಅರಸರು ಆಗಲೇ ವೀರರ ಕಾಲ್ಗಡಗವಾದ ಚಿನ್ನದ ಗಂಡಪೆಂಡೆ ತೊಡಿಸಿದ್ದರು. ಈಗ ಊರವರು ಅವನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಲು ಹೊರಟಿದ್ದರು. ಅದರ ಒಕ್ಕಣೆ ಬರೆಯುವ ಕೆಲಸ ಶಿಷ್ಯನದು. 'ಭಯವನ್ನೇ ಅರಿಯದ ವೀರ' ಎಂದು ಅವನು ಬರೆದಿದ್ದ. ಬೆಳಿಗ್ಗೆ ಭರಮಜ್ಜ ಮಠಕ್ಕೆ ಬಂದು, ಅದನ್ನು ಓದಿಸಿ ಕೇಳಿ, ಕೈಮುಗಿದಿದ್ದ. "ಆ ಮಾತೊಂದನ್ನು ತೆಗೆದುಬಿಡಿ ಸ್ವಾಮಿ. ನಾನು ಬಹಳ ಹೆದರಿದ್ದೆ. ನಾಳೆ ಯಾರೋ ನಡುಗುವ ಸೈನಿಕ ಈ ಕಲ್ಲನ್ನು ಓದಿ, ತಾನು ಈ ಕೆಲಸಕ್ಕೆ ಆಗದವನು ಎಂದುಕೊಂಡಾನು" ಎಂದಿದ್ದ.

"ವಿನಯಕ್ಕೆ ಹಾಗೆ ಹೇಳಿದನೋ, ನಿಜವಾಗಿಯೂ ಹೆದರಿದ್ದನೋ ತಿಳಿಯದು. ಕಲ್ಲುಕುಟಿಗ ನಾಳೆಯೇ ಬರುತ್ತಾನೆ" ಎಂದ ಶಿಷ್ಯ. ಅಷ್ಟರಲ್ಲಿ ಮಠದ ಬಾಗಿಲು ಗಾಳಿಗೆ ತೆರೆದುಕೊಂಡಿತು. ಅವನು ಎದ್ದುಹೋಗಿ, ಎಂದಿನಂತೆ ಅದಕ್ಕೊಂದು ಕಲ್ಲು ಒರಗಿಸಿ ಬಂದ.

ಗುರುಗಳು ಹೇಳಿದರು: "ಹೊಗಳುವವರಿಗೆ ಹೆದರಿಕೆಯ ಸಂಗತಿ ಏನು ಗೊತ್ತು ಮಗೂ? ಅವರು ಬರುವುದೇ ಯುದ್ಧ ಮುಗಿದ ಮೇಲೆ. ಕುಳಿತುಕೋ. ಒಂದು ಕತೆ ಕೇಳು."

ಒಂದು ಗುಡ್ಡದ ಕೋಟೆ. ಅರಸನೂ ದಂಡೂ ಬೇರೆ ಕಡೆ ಹೋಗಿದ್ದಾಗ ಶತ್ರುಗಳು ಬಂದರು. ಆಗ ನಡುಮಧ್ಯಾಹ್ನ. ಕೋಟೆಯಲ್ಲಿದ್ದವರು ಹೆಂಗಸರು, ಮಕ್ಕಳು, ಮುದುಕರು. ಅವರನ್ನು ಹಿಂದಿನ ಗೋಡೆಯಿಂದ ಹಗ್ಗ ಕಟ್ಟಿ ಒಬ್ಬೊಬ್ಬರನ್ನಾಗಿ ಕಾಡಿಗೆ ಇಳಿಸಬೇಕಿತ್ತು. ಅದಕ್ಕೆ ಸಂಜೆಯವರೆಗೆ ಹೊತ್ತು ಬೇಕು. ಮುಂದಿನ ಬಾಗಿಲೋ ಹಳೆಯದು. ದಿಮ್ಮಿಯಿಂದ ನಾಲ್ಕು ಸಲ ಗುದ್ದಿದರೆ ಮುರಿಯುವಂಥದು. ಆದರೆ ಬಾಗಿಲಿನ ಮುಂದಿನ ದಾರಿ ಬಂಡೆಗಳ ನಡುವೆ ಬಹಳ ಕಿರಿದು. ಒಬ್ಬನು ಈಟಿ ಹಿಡಿದು ಅಲ್ಲಿ ನಿಂತರೆ ತಡೆಯಬಹುದಿತ್ತು.

ಉಳಿದಿದ್ದವರು ಒಬ್ಬ ಸೈನಿಕ, ಒಬ್ಬ ಕಾವಲುಗಾರ. ಇಬ್ಬರೂ ಒಂದೇ ಕೇರಿಯಲ್ಲಿ ಬೆಳೆದವರು. ಸೈನಿಕ ಈಟಿ ತೆಗೆದುಕೊಂಡು ಹೊರಗೆ ನಿಂತ.

"ಒಳಗಿನಿಂದ ಅಗುಳಿ ಹಾಕಿಕೋ. ನಾನು ಕೂಗಿದರೂ ತೆರೆಯಬೇಡ" ಎಂದ.

"ನೀನು ಕೂಗಿದರೆ ತೆರೆಯದೆ ಹೇಗಿರಲೋ?" ಎಂದ ಕಾವಲುಗಾರ.

"ತೆರೆದರೆ ನಾನು ಒಳಗೆ ಓಡಿಬರುತ್ತೇನೆ. ನನ್ನ ಹಿಂದೆಯೇ ಅವರೂ ಬರುತ್ತಾರೆ. ನನ್ನ ಬುದ್ಧಿ ನನಗೆ ಗೊತ್ತು. ಹಾಕು."

ಕಾವಲುಗಾರ ಅಗುಳಿ ಹಾಕಿದ.

ಮೊದಮೊದಲು ಕಬ್ಬಿಣಕ್ಕೆ ಕಬ್ಬಿಣ ತಾಗುವ ಸದ್ದು ಮಾತ್ರ ಕೇಳಿಸಿತು. ಆಮೇಲೆ ಸೈನಿಕ ಕೂಗಿದ: "ಅಣ್ಣಾ, ತೆರೆಯೋ." ಕಾವಲುಗಾರ ತೆರೆಯಲಿಲ್ಲ. ಸೈನಿಕ ಬೇಡಿಕೊಂಡ, ಬೈದ, ತನ್ನ ತಾಯಿಯನ್ನು ಕರೆದ. ಕಾವಲುಗಾರನ ತಾಯಿಯ ಹೆಸರು ಹೇಳಿ, ಆಕೆ ಮಾಡಿ ಬಡಿಸಿದ ಊಟವನ್ನು ನೆನಪಿಸಿದ. ಹಿಮ್ಮಡಿಯಿಂದ ಬಾಗಿಲನ್ನು ಒದ್ದ. ಕಾವಲುಗಾರನಿಗೆ ಶತ್ರುಗಳ ಭಯ ಹೋಗಿ ಆ ದನಿಯ ಭಯ ಹಿಡಿಯಿತು. ಕೈ ತಾನಾಗಿಯೇ ಅಗುಳಿಯ ಕಡೆ ಹೋಗುತ್ತಿತ್ತು. ತಿರುಗಿ ನೋಡಿದರೆ ಹಗ್ಗದ ಬಳಿ ಇನ್ನೂ ಜನ. ಒಬ್ಬ ಬಾಣಂತಿ ಕೂಸಿನ ಬಾಯಿ ಮುಚ್ಚಿಕೊಂಡು ಅವನ ಕೈಯನ್ನೇ ನೋಡುತ್ತಿದ್ದಳು. ಅವನು ತನ್ನ ಮುಂಗೈಯನ್ನು ಕಚ್ಚಿಕೊಂಡು ನಿಂತ.

ಹೊರಗೆ ಕೂಗು ನಿಲ್ಲಲಿಲ್ಲ. ಈಟಿಯ ಸದ್ದೂ ನಿಲ್ಲಲಿಲ್ಲ.

ಹೊತ್ತು ಇಳಿದಾಗ ಎರಡೂ ಒಟ್ಟಿಗೆ ನಿಂತವು. ಅದು ಇನ್ನೂ ಭಯಂಕರವಾಗಿತ್ತು. ಗೆಳೆಯ ಸತ್ತನೋ, ಬಾಗಿಲಿನಾಚೆ ಕಾಯುತ್ತಿರುವವರು ಬೇರೆಯವರೋ ತಿಳಿಯದೆ ಕಾವಲುಗಾರ ಮರದ ಹಲಗೆಗೆ ಕಿವಿ ಇಟ್ಟು ಕುಳಿತ. ಅರಸನ ದಂಡಿನ ಕಹಳೆ ಕೇಳಿದ ಮೇಲೆಯೇ ಅಗುಳಿ ತೆಗೆದ. ದಂಡು ಬರುವುದನ್ನು ದೂರದಿಂದಲೇ ಕಂಡು ಶತ್ರುಗಳು ಓಡಿಹೋಗಿದ್ದರು. ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದ ಸೈನಿಕ ಹಿಂದಕ್ಕೆ ಒರಗಿ ಅವನ ಕಾಲ ಮೇಲೆ ಬಿದ್ದ. ಉಸಿರಿತ್ತು. ಗಾಯಗಳೆಲ್ಲ ಎದೆಯ ಮೇಲೆ, ತೋಳಿನ ಮೇಲೆ. ಈಟಿ ಇನ್ನೂ ಕೈಯಲ್ಲೇ ಇತ್ತು.

ಅವನು ಕಣ್ಣು ತೆರೆದು, "ನೀನು ತೆರೆಯಲಿಲ್ಲವಲ್ಲ, ಒಳ್ಳೆಯದಾಯಿತು" ಎಂದ.

ಅರಸ ಗಂಡಪೆಂಡೆ ತೊಡಿಸಿದ. ವಂದಿಮಾಗಧರು ಇವನು ಭಯವನ್ನೇ ಅರಿಯನೆಂದು ಹಾಡಿದರು. ಅರಸನ ಎದುರು ಬಾಯಿ ತೆರೆಯಲಾರದೆ ಸೈನಿಕ ತಲೆ ತಗ್ಗಿಸಿ ನಿಂತ. ಮನೆಗೆ ಬಂದವನೇ ಅದನ್ನು ಬಿಚ್ಚಿ ಹಳೆಯ ಬಟ್ಟೆಯಲ್ಲಿ ಸುತ್ತಿಟ್ಟ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಓಲೆಯ ಮೇಲಿನ ಆ ಸಾಲನ್ನು ಹೊಡೆದುಹಾಕಿದ. ಆದರೂ ಅವನ ಮನಸ್ಸು ತಣಿಯಲಿಲ್ಲ.

"ಭರಮಜ್ಜನ ಮಾತು ಈಗ ಅರ್ಥವಾಯಿತು ಗುರುಗಳೇ. ಆದರೆ ಆ ಕಾವಲುಗಾರ? ಅಂಥ ಕೂಗು ಕೇಳಿಯೂ ತೆರೆಯದವನು, ಆಮೇಲೆ ನೆಮ್ಮದಿಯಾಗಿ ಬದುಕಿದನೇ?"

ಗುರುಗಳು ಕಲ್ಲು ಒರಗಿಸಿದ್ದ ಬಾಗಿಲಿನ ಕಡೆ ನೋಡಿದರು.

"ಈ ಮಠದ ಬಾಗಿಲಿಗೆ ಅಗುಳಿ ಯಾಕಿಲ್ಲ ಎಂದು ನೀನು ಬಂದ ದಿನವೇ ಕೇಳಿದ್ದೆ, ಮಗೂ."