ಸೆರಗಿನ ಗಂಟಿನಲ್ಲಿ ರಾಜನ ದಿಗಿಲು

ಒಂದಾನೊಂದು ಊರಿನಲ್ಲಿ, ನೀವು ನಂಬದಿದ್ದರೂ ಇದ್ದ ಊರಿನಲ್ಲಿ, ದುಂಡಮ್ಮ ಎಂಬ ಹೆಂಗಸಿದ್ದಳು. ಯಾರಿಗೆ ಏನೇ ಆತಂಕವಾದರೂ ಅದನ್ನು ಇಸಕೊಂಡು ತನ್ನ ಸೆರಗಿಗೆ ಗಂಟು ಹಾಕಿಕೊಳ್ಳುವುದು ಅವಳ ಕಸುಬು. "ದುಂಡಮ್ಮಾ, ಹಾಲು ಉಕ್ಕಿಬಿಡ್ತದೇನೋ ಅಂತ ಒಂದೇ ದಿಗಿಲು" ಅನ್ನುವರು. "ತತ್ತಾ ಇತ್ಲಾಗೆ" ಎಂದು ಗಂಟು ಹಾಕಿಕೊಳ್ಳುವಳು. ಹಾಲು ಉಕ್ಕುತ್ತಿತ್ತು, ಅದು ಬೇರೆ ಮಾತು. ದಿಗಿಲಂತೂ ಇರುತ್ತಿರಲಿಲ್ಲ.

ಆ ಊರಿನ ರಾಜ ಗಡ್ಡಭೂಪಾಲನಿಗೆ ಇದ್ದದ್ದು ಒಂದೇ ಆತಂಕ: ಅರಮನೆಗೆ ಬೀಗ ಹಾಕಿದೆನಾ, ಇಲ್ಲವಾ? ಪಕ್ಕದ ರಾಜನ ಮೇಲೆ ಯುದ್ಧಕ್ಕೆ ಹೊರಟರೆ ಹುಣಸೆಮರದ ಹತ್ತಿರ ಆನೆ ನಿಲ್ಲಿಸುವನು. "ಬೀಗ ಹಾಕಿದೆನಾ?" ಇಡೀ ಸೈನ್ಯ ಹಿಂದಕ್ಕೆ. ಹೋಗಿ ನೋಡಿದರೆ ಬೀಗವೇ ರೇಗುವುದು: "ಹಾಕಿದ್ದೀರಿ ಸ್ವಾಮೀ! ಜಗ್ಗಬೇಡಿ, ಕತ್ತು ನೋಯ್ತದೆ!" ಹೀಗೆ ಹನ್ನೆರಡು ಸಲ. ಅತ್ತ ಶತ್ರುಗಳು ಕಾದು ಕಾದು, ರಣರಂಗದಲ್ಲೇ ಹುರುಳಿ ಬಿತ್ತಿ, ಕುಯ್ದು, ಸಾರು ಮಾಡಿಕೊಂಡು ಉಂಡರು.

ಕೊನೆಗೆ ರಾಜ ದುಂಡಮ್ಮನ ಬಾಗಿಲಿಗೆ ಬಂದ. "ತಾಯೀ, ಇದೊಂದನ್ನ ಇಟ್ಟುಕೋ. ಒಂದು ಕುಕ್ಕೆ ನುಗ್ಗೆಕಾಯಿ ಕೊಡ್ತೀನಿ."

"ಎಳೇವು ಇರಬೇಕು ಬುದ್ಧೀ" ಎಂದು ದುಂಡಮ್ಮ ಗಂಟು ಹಾಕಿಕೊಂಡಳು. ರಾಜ ಹಗುರಾಗಿ ಯುದ್ಧಕ್ಕೆ ಹೊರಟ.

ದುಂಡಮ್ಮನ ಮಗ ಚೆಲುವಯ್ಯ ಆ ಸೈನ್ಯದಲ್ಲಿ ಕಹಳೆ ಊದುವವನು. ಹನ್ನೆರಡು ಸಲವೂ ಮುದ್ದೆ ಆರುವುದರೊಳಗೆ ವಾಪಸ್ಸು ಬಂದಿದ್ದ. ಈ ಸಲ ಮುದ್ದೆ ಆರಿತು. ಗಟ್ಟಿಯಾಯಿತು. ಮಗ ಬರಲಿಲ್ಲ. ಆಗ ಹೊಳೆಯಿತು ಪುಣ್ಯಾತ್ಗಿತ್ತಿಗೆ.

"ಅಯ್ಯೋ, ನನ್ನ ಕೈ ಸೇದಿಹೋಗ! ನನ್ನ ಮಗನ ಜೀವ ಕಾಯ್ತಿದ್ದದ್ದೇ ಈ ದಿಗಿಲು!"

ಓಡಿದಳು. ಹುಣಸೆಮರದ ಹತ್ತಿರ ಬಂದಳೋ ಇಲ್ಲವೋ, ಸೆರಗಿನಲ್ಲಿದ್ದ ರಾಜನ ದಿಗಿಲು ಎದೆಗೆ ಹತ್ತಿತು. "ನಮ್ಮನೆ ಬೀಗ ಹಾಕಿದೆನಾ?" ಹಿಂದಕ್ಕೆ ಓಡಿದಳು. ಹಾಕಿತ್ತು. ಮತ್ತೆ ಓಡಿದಳು, ಮತ್ತೆ ಹಿಂದಕ್ಕೆ. ಮೂರನೆಯ ಸಲ ಅವಳಿಗೆ ಅಳುವೇ ಬಂತು. ಅತ್ತುಕೊಂಡೇ ಬೀಗದ ಸಮೇತ ಬಾಗಿಲನ್ನು ಕಿತ್ತು ತಲೆಯ ಮೇಲೆ ಹೊತ್ತಳು. ಹತ್ತು ಹೆಜ್ಜೆಗೊಮ್ಮೆ ಬೀಗ ಜಗ್ಗಿ ನೋಡುವಳು, ಹಾಕಿದೆ, ಮುಂದೆ ಓಡುವಳು.

ರಣರಂಗದಲ್ಲಿ ಬಿಲ್ಲುಗಳು ಬಾಗಿದ್ದವು. ಚೆಲುವಯ್ಯ ಕೆನ್ನೆ ತುಂಬ ಗಾಳಿ ತುಂಬಿಕೊಂಡು ಕಹಳೆ ಎತ್ತಿದ್ದ. ಅವನು ಊದಿದರೆ ಯುದ್ಧ. ದುಂಡಮ್ಮ ಎರಡು ಸೈನ್ಯಗಳ ನಡುವೆ ಬಾಗಿಲನ್ನು ಧೊಪ್ಪನೆ ಇಳಿಸಿ, ಹಲ್ಲಿನಿಂದ ಗಂಟು ಬಿಚ್ಚಿದಳು.

"ತಗೊಳ್ಳಿ ಬುದ್ಧೀ, ನಿಮ್ಮದು ನಿಮಗೆ!"

ರಾಜನ ಮುಖ ಬಿಳಿಚಿಕೊಂಡಿತು. "ಬೀಗ ಹಾಕಿದೆನಾ?" ರೂಢಿಯಾಗಿದ್ದ ಆನೆ ತಾನೇ ಹಿಂದಕ್ಕೆ ತಿರುಗಿತು. ಗಂಟಿನಿಂದ ಸಿಡಿದ ದಿಗಿಲಿನ ಚೂರೊಂದು ಶತ್ರುರಾಜನಿಗೂ ತಗುಲಿತು. "ಅಯ್ಯಯ್ಯೋ, ಒಲೆ ಆರಿಸಿ ಬಂದೆನಾ?" ಎಂದು ಅವನೂ ಓಟ ಕಿತ್ತ. ಚೆಲುವಯ್ಯ ಕೆನ್ನೆಯ ಗಾಳಿಯನ್ನು ಮೆಲ್ಲಗೆ ಬಿಟ್ಟ.

ತಾಯಿ ಮಗ ಬಾಗಿಲು ಹೊತ್ತು ಮನೆ ಕಡೆ ನಡೆದರು. ಸೆರಗಿನ ತುದಿಯಲ್ಲಿ ಇನ್ನೊಂದು ಗಂಟಿತ್ತು, ಹಳೆಯದು, ಗಟ್ಟಿಯದು.

"ಅವ್ವಾ, ಇದ್ಯಾರದು? ಕೊಡು, ನಾನು ಹೊತ್ಕೋತೀನಿ."

ದುಂಡಮ್ಮ ಅವನ ಕೈಗೆ ಫಟ್ಟನೆ ಹೊಡೆದಳು. "ಮುಟ್ಟಬೇಡ. ನೀನು ಹುಟ್ಟಿದ ದಿನ ಹಾಕ್ಕೊಂಡಿದ್ದು ಅದು, ನಂದು. ಯಾರಿಗೂ ಕೊಡಾಕಿಲ್ಲ. ಬೆಳಿಗ್ಗೆಯಿಂದ ಏನಾದ್ರೂ ಉಂಡ್ಯಾ ಇಲ್ವಾ, ಅದನ್ನ ಹೇಳು ಮೊದಲು."

ಕತೆ ಅವರ ಹಿಂದೆಯೇ ನಡೆದುಕೊಂಡು ಹೋಯಿತು. ನಮಗೆ ಉಳಿದದ್ದು ನೀತಿ: ಯುದ್ಧಕ್ಕೆ ಹೊರಟ ರಾಜನಿಗೆ ಯಾರೂ ಸಮಾಧಾನ ಹೇಳಬೇಡಿ.