ಬೋಂಡ ಆರಿಹೋದ ಕಛೇರಿ

ಗಾಯಕಿ ಪದ್ಮಾಸನಿಗೆ ಎಲ್ಲ ಇತ್ತು, ಒಂದು ಕೊರಗೂ ಇತ್ತು. ಹತ್ತು ವರ್ಷದ ಹಿಂದೆ ಒಂದು ಊರಿನ ರಾಮನವಮಿ ಸಂಗೀತೋತ್ಸವದಲ್ಲಿ ಅವಳು ಹಾಡಿದ್ದಳು. ಆ ಕಛೇರಿಯನ್ನು ಜನ ಇನ್ನೂ ಮರೆತಿರಲಿಲ್ಲ. ಮದುವೆ ಮನೆಯಲ್ಲಿ ಸಿಕ್ಕವರು, ರೈಲಿನಲ್ಲಿ ಎದುರು ಕೂತವರು, ಗುರುತು ಹಿಡಿದ ಕೂಡಲೇ "ಅವತ್ತಿನ ನಿಮ್ಮ ತೋಡಿ, ಅಬ್ಬಾ" ಎನ್ನುತ್ತಿದ್ದರು. ಮೊದಮೊದಲು ಅವಳು ಇದನ್ನು ಕೇಳಿ ಉಬ್ಬುತ್ತಿದ್ದಳು. ಬರಬರುತ್ತಾ ಆ ಮಾತು ಚುಚ್ಚತೊಡಗಿತು. ಅವತ್ತಿನದು ಅಷ್ಟು ಚೆನ್ನ ಎಂದರೆ, ಆಮೇಲೆ ಹತ್ತು ವರ್ಷ ಹಾಡಿದ್ದೆಲ್ಲ ಏನು, ಮಣ್ಣೇ?

ಅವಳು ಕೊರಗುತ್ತಾ ಕೂರಲಿಲ್ಲ. ಅದೇ ತೋಡಿ ರಾಗವನ್ನು ಊರೂರಿನಲ್ಲಿ ಹಾಡಿದಳು. ಅವತ್ತು ಉಟ್ಟಿದ್ದ ಹಸಿರು ಅಂಚಿನ ಸೀರೆಯನ್ನೇ ಉಟ್ಟಳು. ಅವತ್ತು ಮಧ್ಯಾಹ್ನ ಮೊಸರನ್ನ ತಿಂದಿದ್ದು ನೆನಪಾಗಿ, ಕಛೇರಿ ಇದ್ದ ದಿನವೆಲ್ಲ ಮೊಸರನ್ನವನ್ನೇ ತಿಂದಳು. ಪಾಪ, ಇನ್ನೇನು ಮಾಡಿಯಾಳು? ಒಂದು ಸ್ವರವೂ ಜಾರಲಿಲ್ಲ. ಜನ ಚಪ್ಪಾಳೆ ತಟ್ಟಿದರು, ಚಪ್ಪಲಿ ಹುಡುಕಿಕೊಂಡರು, ಮನೆಗೆ ಹೋದರು. ಮರುದಿನ ಯಾರ ಬಾಯಲ್ಲೂ ಅದರ ಮಾತಿಲ್ಲ.

ಈ ವರ್ಷ ಆ ಊರಿನವರೇ ಮತ್ತೆ ಕರೆದರು. ಅವತ್ತು ಮೃದಂಗ ನುಡಿಸಿದ್ದ ಪುಟ್ಟಾಚಾರರೇ ಈಗಲೂ ಬೇಕು ಎಂದು ಪದ್ಮಾಸನಿ ಹಟ ಹಿಡಿದಳು. ಅದೇ ಊರು, ಅದೇ ಪೆಂಡಾಲು, ಅದೇ ಮೃದಂಗ. ಇದೂ ಕೈಕೊಟ್ಟರೆ ಇನ್ನು ವೇದಿಕೆ ಹತ್ತುವುದು ಬೇಡ, ಮನೆಯಲ್ಲಿ ನಾಲ್ಕು ಜನಕ್ಕೆ ಪಾಠ ಹೇಳಿಕೊಂಡು ಇದ್ದುಬಿಡುತ್ತೇನೆ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಬಸ್ಸು ಹತ್ತಿದಳು.

ಪುಟ್ಟಾಚಾರರಿಗೆ ಈಗ ಎಪ್ಪತ್ತು ದಾಟಿತ್ತು. ಸಂಜೆ ಪೆಂಡಾಲಿನಲ್ಲಿ ಮೃದಂಗದ ಶ್ರುತಿ ಸರಿಮಾಡಿಕೊಳ್ಳುತ್ತಾ, ತಾವು ತನಿಯನ್ನು ಐದೇ ನಿಮಿಷಕ್ಕೆ ಮುಗಿಸುವುದಾಗಿ ಹೇಳಿದರು. ಜನ ಹೇಗೂ ಎದ್ದು ಹೋಗುತ್ತಾರೆ, ಸುಮ್ಮನೆ ಎಳೆಯುವುದೇಕೆ ಎಂದರು. ಪದ್ಮಾಸನಿ ತನ್ನದೇ ಯೋಚನೆಯಲ್ಲಿದ್ದಳು. ಹಾಗೇ ಮಾಡಿ ಎಂದುಬಿಟ್ಟಳು.

ಈ ತನಿ ಎಂದರೇನು ಎಂದು ಗೊತ್ತಿಲ್ಲದವರಿಗೆ ಒಂದು ಮಾತು. ಕಛೇರಿಯ ದೊಡ್ಡ ಕೀರ್ತನೆ ಮುಗಿಯುವ ಹೊತ್ತಿಗೆ ಹಾಡುವವರು ನಿಲ್ಲಿಸುತ್ತಾರೆ, ಮೃದಂಗದವರೊಬ್ಬರೇ ನುಡಿಸುತ್ತಾರೆ. ಇಡೀ ಸಂಜೆ ಬೇರೆಯವರ ಹಾಡಿಗೆ ಹೆಗಲು ಕೊಟ್ಟವರಿಗೆ ಸಿಗುವ ಒಂದೇ ಸರದಿ ಅದು. ನಮ್ಮ ಜನ ಎಂಥವರು ನೋಡಿ, ಸರಿಯಾಗಿ ಅದೇ ಹೊತ್ತಿಗೆ ಎದ್ದು ಕ್ಯಾಂಟೀನಿಗೆ ಹೋಗುತ್ತಾರೆ. ಒಬ್ಬ ಎದ್ದರೆ ಸಾಲೇ ಏಳುತ್ತದೆ.

ಕಛೇರಿಗೆ ಇನ್ನೂ ಒಂದು ಗಂಟೆ ಇತ್ತು. ಫ್ಲಾಸ್ಕಿಗೆ ಬಿಸಿನೀರು ಬೇಕೆಂದು ಪದ್ಮಾಸನಿ ಪೆಂಡಾಲಿನ ಹಿಂದಿದ್ದ ಕ್ಯಾಂಟೀನಿಗೆ ಹೋದಳು. ಅಲ್ಲಿ ಅಡುಗೆಯ ಶೀನಪ್ಪಯ್ಯ ದೊಡ್ಡ ಪಾತ್ರೆಯಲ್ಲಿ ಬೋಂಡದ ಹಿಟ್ಟು ಕಲಸುತ್ತಿದ್ದರು. ಕರಾವಳಿಯ ಕಡೆಯವರು, ಇಪ್ಪತ್ತೆರಡು ವರ್ಷದಿಂದ ಈ ಉತ್ಸವಕ್ಕೆ ಅವರದೇ ಕೈರುಚಿ. ಅವರಿಗೆ ಗಾಯಕಿಯ ಗುರುತು ಸಿಗಲಿಲ್ಲ. ಹತ್ತು ವರ್ಷದ ಹಿಂದೆ ಇಲ್ಲಿ ತೋಡಿ ಹಾಡಿದವಳು ನಾನೇ ಎಂದು ಅವಳು ಹೇಳಿದಾಗ, ಕಲಸುತ್ತಿದ್ದ ಕೈ ನಿಂತಿತು.

"ಓ, ಬೋಂಡ ಆರಿಹೋದ ವರ್ಷ" ಎಂದರು ಶೀನಪ್ಪಯ್ಯ.

ಪದ್ಮಾಸನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಹಾಗೆಂದರೆ ಏನು ಎಂದು ಕೇಳಿದಳು.

"ಬರೀ ಮೃದಂಗ ಶುರುವಾಯಿತು ಅಂದ್ರೆ ನನಗೆ ಕೈ ಎರಡು ಸಾಲುವುದಿಲ್ಲ ಅಮ್ಮಾ. ಆ ವರ್ಷ ಎಣ್ಣೆ ಕಾದಿದೆ, ಬೋಂಡ ತೆಗೆದಿಟ್ಟಿದ್ದೇನೆ, ಒಂದು ನರಪಿಳ್ಳೆಯೂ ಬರಲಿಲ್ಲ. ಏನಾಯಿತಪ್ಪಾ ಅಂತ ಜಾಲರಿ ಸೌಟು ಹಿಡಿದುಕೊಂಡೇ ಪೆಂಡಾಲಿನ ಬಾಗಿಲಿಗೆ ಬಂದೆ."

ಹತ್ತು ವರ್ಷ ಹುಡುಕಿದ್ದು ಈ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ ಸಿಗಬಹುದೆಂದು ಪದ್ಮಾಸನಿಗೆ ಅನಿಸಿತು. ನನ್ನ ತೋಡಿ ಕೇಳಿದಿರಾ, ಅದರಲ್ಲಿ ಏನಿತ್ತು ಎಂದು ಆಸೆಯಿಂದ ಕೇಳಿದಳು.

"ತೋಡಿ ಗೀಡಿ ನನಗೆ ಗೊತ್ತಿಲ್ಲ. ನಾನು ಬಂದಾಗ ನೀವು ಹಾಡುತ್ತಾ ಇರಲಿಲ್ಲ. ಕೇಳುತ್ತಾ ಇದ್ದಿರಿ. ಆಚಾರರ ಕಡೆಗೇ ತಿರುಗಿ ಕೂತು, ಕಣ್ಣು ಮಿಟುಕಿಸದೆ ತಾಳ ಹಾಕುತ್ತಾ ಇದ್ದಿರಿ. ಹಾಡುವವರೇ ಹಾಗೆ ಕೇಳುವಾಗ ಜನ ಏಳುವುದು ಹೇಗೆ? ನಾನೂ ನಿಂತೇಬಿಟ್ಟೆ. ಅಷ್ಟರಲ್ಲಿ ತೆಗೆದಿಟ್ಟ ಬೋಂಡ ಆರಿಹೋಯಿತು, ಬಾಣಲೆಯಲ್ಲಿದ್ದದ್ದು ಕರಕಲಾಗಿ ಹೋಯಿತು."

ಪದ್ಮಾಸನಿ ಪೆಚ್ಚಾದಳು. ಅವತ್ತು ಯಾಕೆ ಹಾಗೆ ಕೇಳಿದ್ದಳೆಂಬುದು ಅವಳಿಗೆ ಚೆನ್ನಾಗಿ ನೆನಪಿತ್ತು. ಆಗ ಅವಳು ಹೊಸಬಳು. ಪುಟ್ಟಾಚಾರರು ಮೃದಂಗದಲ್ಲಿ ಹೆಣೆಯುವ ಏಟುಗಳ ಲೆಕ್ಕ ಎಂದರೆ ದೊಡ್ಡವರೂ ತಾಳ ತಪ್ಪುತ್ತಿದ್ದರು. ಎಲ್ಲಿ ತಪ್ಪಿ ಮಾನ ಹೋಗುತ್ತದೋ ಎಂಬ ಭಯಕ್ಕೆ ಮೈಯೆಲ್ಲ ಕಿವಿಯಾಗಿಸಿ ಕೂತಿದ್ದಳು. ಆಮೇಲೆ ಹೆಸರು ಬಂತು, ಭಯ ಹೋಯಿತು. ಭಯದ ಜೊತೆಗೆ ಕೇಳುವುದೂ ಹೋಯಿತು. ಈಗ ತನಿ ಶುರುವಾದರೆ ಅವಳು ಬಿಸಿನೀರು ಕುಡಿಯುತ್ತಿದ್ದಳು, ಮುಂದಿನ ಹಾಡಿಗೆ ಬಂದ ಚೀಟಿಗಳನ್ನು ಓದುತ್ತಿದ್ದಳು, ಗಡಿಯಾರ ನೋಡುತ್ತಿದ್ದಳು. ಒಂದು ಬೆರಳು ಮಾತ್ರ ತೊಡೆಯ ಮೇಲೆ ತಾಳ ಎಣಿಸುತ್ತಿತ್ತು. ಸೀರೆ, ರಾಗ, ಮೊಸರನ್ನ ಎಲ್ಲವನ್ನೂ ಜೋಡಿಸಿಕೊಂಡವಳು ಇದೊಂದನ್ನು ಮರೆತಿದ್ದಳು. ಜನ ತೋಡಿ ತೋಡಿ ಎಂದು ನೆನೆಯುತ್ತಿದ್ದುದು, ಯಾರೂ ಏಳದೆ ಕೂತು ಕೇಳಿದ ಆ ಇಡೀ ಸಂಜೆಯನ್ನೇ.

ಕಛೇರಿ ಶುರುವಾಯಿತು. ತೋಡಿ ಎಂದಿನಂತೆ ತಪ್ಪಿಲ್ಲದೆ ಬಂತು, ಜನ ಎಂದಿನಂತೆ ತಲೆದೂಗಿದರು. ತನಿಯ ಹೊತ್ತಾಯಿತು. ಪುಟ್ಟಾಚಾರರು ತಲೆ ತಗ್ಗಿಸಿಕೊಂಡು, ಒಪ್ಪಿದ ಕೆಲಸ ಮುಗಿಸುವವರಂತೆ ನುಡಿಸತೊಡಗಿದರು. ಮೂರನೆಯ ಸಾಲಿನಲ್ಲಿ ದಪ್ಪಗಿನ ಒಬ್ಬರು ಕಾಲಿನಲ್ಲೇ ಚಪ್ಪಲಿ ತಡಕಿ ಎದ್ದುನಿಂತರು. ಅವರ ಹಿಂದಿನ ಇಬ್ಬರೂ ಎದ್ದರು. ಪದ್ಮಾಸನಿಯ ಕೈ ಅಭ್ಯಾಸಬಲದಿಂದ ಫ್ಲಾಸ್ಕಿಗೆ ಹೋಗಿತ್ತು, ಮುಚ್ಚಳವನ್ನೂ ತಿರುಗಿಸಿತ್ತು. ಗಂಟಲು ನಿಜವಾಗಿಯೂ ಒಣಗಿತ್ತು.

ಅವಳು ಮುಚ್ಚಳ ಬಿಗಿದು ಫ್ಲಾಸ್ಕನ್ನು ಹಿಂದಕ್ಕೆ ಸರಿಸಿದಳು. ಪೂರ್ತಿಯಾಗಿ ಪುಟ್ಟಾಚಾರರ ಕಡೆಗೆ ತಿರುಗಿ ಕೂತಳು. ಎಲ್ಲರಿಗೂ ಕೇಳುವಂತೆ ತಾಳ ಹಾಕತೊಡಗಿದಳು.

ಎಷ್ಟೋ ವರ್ಷದ ಮೇಲೆ ಅವಳು ಮೃದಂಗವನ್ನು ಕೇಳಿದಳು. ಮುದುಕರ ಎಡಗೈಯ ಗುಮ್ಮೆನ್ನುವ ನಾದ ಅವಳ ಎದೆಗೇ ಬಂದು ತಟ್ಟಿತು. ಒಂದು ಕಡೆ ಲೆಕ್ಕ ಸುತ್ತಿ ಸುತ್ತಿ ಬಂದಾಗ ಅವಳ ತಾಳವೇ ತಪ್ಪಿತು. ಅವಳು ನಾಚಿಕೆ ಬಿಟ್ಟು ನಕ್ಕಳು. ಪುಟ್ಟಾಚಾರರು ತಲೆಯೆತ್ತಿ ನೋಡಿದರು, ಅವರೂ ನಕ್ಕರು, ಅದೇ ಲೆಕ್ಕವನ್ನು ಅವಳಿಗಾಗಿ ಇನ್ನೊಮ್ಮೆ ನುಡಿಸಿದರು. ಜನಕ್ಕೆ ಇದೇನೋ ಹೊಸದೆನಿಸಿತು. ಎದ್ದು ನಿಂತಿದ್ದ ದಪ್ಪಗಿನವರು ನಿಂತಲ್ಲೇ ನಿಂತು ನೋಡಿದರು.

ಐದು ನಿಮಿಷವಾಯಿತು. ಮುಗಿಸಲೇ ಎಂದು ಪುಟ್ಟಾಚಾರರು ಕಣ್ಣಲ್ಲೇ ಕೇಳಿದರು. ಪದ್ಮಾಸನಿ ಅವರತ್ತ ಬಾಗಿದಳು.

"ನುಡಿಸಿ ಆಚಾರ್ರೇ. ನಾನು ಕೇಳ್ತಾ ಇದ್ದೀನಿ."

ಆ ಮಾತು ಕೇಳಿ ಮುದುಕರ ಕಣ್ಣು ಒದ್ದೆಯಾಯಿತು. ಎಪ್ಪತ್ತು ದಾಟಿದ ಕೈಗಳಿಗೆ ಅದೆಲ್ಲಿಂದ ಬಂತೋ ಕಸುವು, ಇಪ್ಪತ್ತು ನಿಮಿಷ ನುಡಿಸಿದರು. ದಪ್ಪಗಿನವರು ಯಾವಾಗಲೋ ಕೂತಿದ್ದರು. ಅವರ ಹಿಂದಿನ ಇಬ್ಬರೂ ಕೂತು ತೊಡೆ ತಟ್ಟುತ್ತಿದ್ದರು. ತನಿ ಮುಗಿದು ಪದ್ಮಾಸನಿ ಕೀರ್ತನೆಯ ಸಾಲನ್ನು ಮತ್ತೆ ಎತ್ತಿಕೊಂಡಾಗ, ಒಣಗಿದ ಗಂಟಲಿನಿಂದ ದನಿ ಕೊಂಚ ಒಡೆದು ಬಂತು. ಯಾರೂ ಅದನ್ನು ತಪ್ಪೆಂದು ಎಣಿಸಲಿಲ್ಲ. ಇಡೀ ಪೆಂಡಾಲು ಅವಳ ಜೊತೆಯೇ ಆ ಸಾಲಿಗೆ ಕಾದಿತ್ತು. ಬಾಗಿಲಲ್ಲಿ ಶೀನಪ್ಪಯ್ಯ ಜಾಲರಿ ಸೌಟು ಹಿಡಿದು ನಿಂತಿದ್ದರು. ಈ ಸಲ ಒಲೆ ಆರಿಸಿಯೇ ಬಂದಿದ್ದರು.

ಕಛೇರಿ ಮುಗಿಯಿತು. ಹೊರಗೆ ಹೋಗುತ್ತಿದ್ದವರು ಒಬ್ಬರಿಗೊಬ್ಬರು "ಪುಟ್ಟಾಚಾರರ ತನಿ, ಅಬ್ಬಾ" ಎನ್ನುವುದು ಪದ್ಮಾಸನಿಯ ಕಿವಿಗೆ ಬಿತ್ತು. ತೋಡಿಯ ಹೆಸರನ್ನು ಒಬ್ಬರೂ ಎತ್ತಲಿಲ್ಲ. ಚುಚ್ಚೀತೇನೋ ಎಂದು ಅವಳು ಒಂದು ಕ್ಷಣ ಕಾದಳು. ಚುಚ್ಚಲಿಲ್ಲ. ತನ್ನದೇ ಹೆಸರು ಕೇಳಿದಷ್ಟು ಸಂತೋಷವಾಯಿತು.

ಶೀನಪ್ಪಯ್ಯ ಒಂದು ತಟ್ಟೆ ತಂದು ವೇದಿಕೆಯ ಮೇಲಿಟ್ಟರು.

"ಇವತ್ತೂ ಆರಿಹೋಯಿತು ಅಮ್ಮಾ" ಎಂದರು.

ಪದ್ಮಾಸನಿ ಮೊದಲ ಬೋಂಡವನ್ನು ಪುಟ್ಟಾಚಾರರ ಕೈಗಿಟ್ಟಳು, ಆಮೇಲೆ ತಾನೊಂದು ತೆಗೆದುಕೊಂಡಳು. ತಣ್ಣಗೆ ಗಟ್ಟಿಯಾಗಿತ್ತು. ಇಬ್ಬರೂ ಪೂರ್ತಿ ತಿಂದರು. ಮುಂದಿನ ವರ್ಷವೂ ಬರುತ್ತೇನೆ ಎಂದು ಅವಳು ಉತ್ಸವ ನಡೆಸುವವರಿಗೆ ಹೇಳಿಯೇ ಬಸ್ಸು ಹತ್ತಿದಳು.

ನೀತಿ: ನಮ್ಮ ಸರದಿಯನ್ನು ಚೆನ್ನಾಗಿ ಮಾಡಿದರೆ ಚಪ್ಪಾಳೆ ಸಿಗುತ್ತದೆ. ಜೊತೆಯವರ ಸರದಿಯಲ್ಲಿ ಮನಸ್ಸಿಟ್ಟು ಕೂತರೆ ಆ ಸಂಜೆ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಎದುರಿನವರು ಕೇಳಬೇಕೆಂದು ಬಯಸುವವರು ಮೊದಲು ತಾವು ಕೇಳಲು ಕಲಿಯಬೇಕು.